ಪಾಡ್‌ಕಾಸ್ಟ್ ಪಠ್ಯ: ಕೆಂಪಾಪುರದಿಂದ ಕಟಕಟೆವರೆಗೆ, ಒಂದು ಕ್ರಿಮಿನಲ್ ಕೇಸಿನ ದಾರಿ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಸಮಾಧಿಯಿಂದ.

ಮಾಗಡಿ ತಾಲ್ಲೂಕಿನ ಕೆಂಪಾಪುರ. ನಮ್ಮೂರಿಂದ ಬೈಕಲ್ಲಿ ಹೋದ್ರೆ ಒಂದು ಟೀ ಕುಡಿಯೋಷ್ಟು ದೂರ. 2015ರವರೆಗೆ ಈ ಊರಿನ ಹೆಸರು ನಮ್ಮ ಕಡೆಯವರಿಗೆ ಬಿಟ್ರೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಆ ವರ್ಷ ಮಾರ್ಚ್‌ನಲ್ಲಿ, ಅಲ್ಲಿದ್ದ ಹಳೇ ಗೋಪುರದ ಮೇಲಿನ ಬರಹ ಓದಿದ ಸಂಶೋಧಕರು ಇದು ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿ ಅಂದ್ರು. ಸುದ್ದಿ ಆಯ್ತು, ಮಂತ್ರಿಗಳು ಬಂದ್ರು, ಕಾರುಗಳು ಬಂದ್ವು. ನಾನೂ ಹೋಗಿ ಸೆಲ್ಫಿ ತಗೊಂಡೆ, ಸುಳ್ಳು ಯಾಕೆ ಹೇಳಲಿ.

ಆದ್ರೆ ನನ್ನ ತಲೇಲಿ ಉಳಿದಿದ್ದು ಆ ಬರಹದ ಸಾರ. ಕುಣಿಗಲ್‌ ಕಡೆ ಒಂದು ತಕರಾರು ಬಗೆಹರಿಸಿ ವಾಪಸ್ ಬರ್ತಿದ್ದಾಗ, ಜಡೇನಹಳ್ಳಿಯಲ್ಲಿ ನಡೆದ ಕಾಳಗದಲ್ಲಿ ಕೆಂಪೇಗೌಡರು ತೀರಿಕೊಂಡ ಜಾಗ ಇದು ಅಂತ. ಅಂದ್ರೆ ನಾಡಪ್ರಭು ಅರಮನೇಲಿ ಕೂತು ತೀರ್ಪು ಕಳಿಸ್ತಿರಲಿಲ್ಲ, ಜಗಳ ಇದ್ದ ಕಡೆ ತಾವೇ ಹೋಗಿದ್ರು. ಪಾಳೇಗಾರರ ಕಾಲದಲ್ಲಿ ದೂರು ಕೇಳೋದು, ತೀರ್ಮಾನ ಮಾಡೋದು, ಶಿಕ್ಷೆ ಕೊಡೋದು ಎಲ್ಲಾ ಒಂದೇ ಕೈ. ಒಳ್ಳೆಯವನಾದ್ರೆ ಊರಿಗೆ ಪುಣ್ಯ. ಕೆಟ್ಟವನಾದ್ರೆ ಅಪೀಲು ಯಾರ ಹತ್ರ ಹಾಕ್ತೀರಾ?

ನಾನು ಓದಿದ್ದು ಬಿ.ಕಾಂ. ಆಡಿಟಿಂಗ್ ಪೇಪರಲ್ಲಿ ಮೇಷ್ಟ್ರು ಮೊದಲ ವಾರ ಹೇಳಿದ ಮಾತು ಇನ್ನೂ ನೆನಪಿದೆ: ಗಲ್ಲಾ ಪೆಟ್ಟಿಗೆ ಬೀಗದ ಕೈ ಇಟ್ಕೊಂಡವನೇ ಲೆಕ್ಕದ ಪುಸ್ತಕಾನೂ ಬರೆಯಬಾರದು. ಅವನು ಕಳ್ಳ ಅಂತ ಅಲ್ಲ. ಅವನು ಕಳ್ಳನೋ ಅಲ್ಲವೋ ಅಂತ ಬೇರೆಯವರಿಗೆ ಗೊತ್ತಾಗೋ ದಾರಿನೇ ಇರಲ್ಲ ಅಂತ. ನಮ್ಮ ಕ್ರಿಮಿನಲ್ ಕೋರ್ಟುಗಳ ಇತಿಹಾಸ ಓದ್ತಾ ಹೋದಾಗ ಇದೇ ಪಾಠ ಮತ್ತೆ ಮತ್ತೆ ಎದುರಿಗೆ ಬಂತು.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತಗೊಂಡ್ರು. ಐವತ್ತು ವರ್ಷ ಅದು ಅವರ ಕೈಲೇ ಇತ್ತು. ಬೆಂಗಳೂರಿನ ಕಬ್ಬನ್ ಪಾರ್ಕ್ ಗೊತ್ತಲ್ವಾ, ಆ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್. ಆದ್ರೆ ಹಳ್ಳಿಯವನಿಗೆ ಸರ್ಕಾರ ಅಂದ್ರೆ ಕಬ್ಬನ್ ಅಲ್ಲ, ತಾಲ್ಲೂಕಿನ ಅಮಲ್ದಾರ. ಕಂದಾಯ ವಸೂಲಿ ಅವನದೇ, ಪೊಲೀಸು ಅವನ ಕೈ ಕೆಳಗೆ, ಸಣ್ಣಪುಟ್ಟ ಅಪರಾಧಗಳ ವಿಚಾರಣೆಯೂ ಅವನದೇ. ಬೆಳಗ್ಗೆ ಕಂದಾಯ ಬಾಕಿ ಕೇಳಿ ಗದರಿಸಿದ ಮನುಷ್ಯನ ಮುಂದೆನೇ ಮಧ್ಯಾಹ್ನ ಕೈ ಕಟ್ಕೊಂಡು ನ್ಯಾಯ ಕೇಳಬೇಕು. ಪಾಳೇಗಾರ ಹೋದ, ಪೇಟ ಕಟ್ಟಿದ ಅಧಿಕಾರಿ ಬಂದ, ಬೀಗದ ಕೈ ಮತ್ತು ಪುಸ್ತಕ ಒಬ್ಬನ ಹತ್ರನೇ ಉಳೀತು.

ಬದಲಾವಣೆ ನಿಧಾನವಾಗಿ ಬಂತು. 1881ರಲ್ಲಿ ಆಡಳಿತ ಒಡೆಯರಿಗೆ ವಾಪಸ್ ಸಿಕ್ತು, 1884ರಲ್ಲಿ ಮೈಸೂರಿಗೆ ಚೀಫ್ ಕೋರ್ಟ್ ಬಂತು, 1930ರಲ್ಲಿ ಅದೇ ಹೈಕೋರ್ಟ್ ಆಯ್ತು. ಆಮೇಲೆ ಸಂವಿಧಾನದ 50ನೇ ವಿಧಿ ನ್ಯಾಯಾಂಗವನ್ನ ಕಾರ್ಯಾಂಗದಿಂದ ಬೇರೆ ಮಾಡಿ ಅಂತು. 1974ರ ಏಪ್ರಿಲ್ 1ಕ್ಕೆ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ಆ ಗೆರೆಯನ್ನ ದೇಶಕ್ಕೆಲ್ಲಾ ಗಟ್ಟಿಯಾಗಿ ಎಳೀತು: ತಹಶೀಲ್ದಾರ್ ಥರದವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಕೇಸು ನಡೆಸೋರು ಹೈಕೋರ್ಟಿನ ಕೆಳಗಿರೋ ನ್ಯಾಯಾಂಗದ ಮ್ಯಾಜಿಸ್ಟ್ರೇಟ್.

ಈಗ ನಮ್ಮ ತಾತನ ಕಥೆಗೆ ಬರ್ತೀನಿ. ಈ ಸಂಚಿಕೆ ಮಾಡೋಕೆ ನಿಜವಾದ ಕಾರಣ ಅವರೇ.

ಎಂಬತ್ತರ ದಶಕದ ಕೊನೆ. ಬದುವಿನ ಜಗಳದಲ್ಲಿ ರಾತ್ರಿ ಹೊತ್ತು ಒಬ್ಬರು ಹೊಡೆತ ತಿಂದು ಸತ್ರು. ರಾಗಿ ಕಣ ಕಾಯ್ತಿದ್ದ ನಮ್ಮ ತಾತ ಕೂಗಾಟ ಕೇಳಿ ಓಡಿದ್ರು, ಕಂಡಿದ್ದನ್ನ ಪೊಲೀಸರಿಗೆ ಹೇಳಿದ್ರು. ಪೊಲೀಸರು ಬರ್ಕೊಂಡ್ರು. ಆ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಬಾರದು ಅಂತ ಕಾನೂನೇ ಹೇಳುತ್ತೆ. ಹಾಗಾಗಿ ಏನು ಬರೆದ್ರು ಅಂತ ತಾತ ನೋಡಲೂ ಇಲ್ಲ, ಅವರಿಗೆ ಓದೋಕೆ ಬರ್ತಾನೂ ಇರಲಿಲ್ಲ.

ಆಗ ರಾಮನಗರ ಜಿಲ್ಲೆ ಇರಲಿಲ್ಲ. ಮಾಗಡಿ ಸೇರಿದ್ದು ಬೆಂಗಳೂರು ಗ್ರಾಮಾಂತರಕ್ಕೆ, ಕೊಲೆ ಕೇಸು ನಡೆಯೋದು ಬೆಂಗಳೂರಲ್ಲಿ. ಪೇದೆ ಸಮನ್ಸ್ ತಂದು ಕೊಡೋದು, ತಾತ ಬುತ್ತಿ ಕಟ್ಕೊಂಡು ಮೊದಲ ಬಸ್ಸಿಗೆ ಹೋಗೋದು, ಕೋರ್ಟ್ ಹೊರಗೆ ಮರದ ಕೆಳಗೆ ಕೂರೋದು, ಸಾಯಂಕಾಲ ವಾಯ್ದೆ ಬಿತ್ತು ಅನ್ನೋದು. ಅವರನ್ನ ಕೂಗಿ ಒಳಗೆ ಕರೆದಿದ್ದು ನಾಲ್ಕನೇ ಸಲ ಹೋದಾಗ. ಅಷ್ಟರಲ್ಲಿ ಮೂರು ವರ್ಷ ಆಗಿತ್ತು.

ವಕೀಲರು ಕೇಳಿದ್ರು, ಅವತ್ತು ಬೆಳದಿಂಗಳಿತ್ತಾ? ತಾತ ಅಂದ್ರಂತೆ, "ನೆಪ್ಪಿಲ್ಲ ಸ್ವಾಮಿ." ಪೊಲೀಸ್ ಹೇಳಿಕೇಲಿ ಬ್ಯಾಟರಿ ಬೆಳಕಲ್ಲಿ ನೋಡ್ದೆ ಅಂತಿದೆಯಲ್ಲ? "ಬ್ಯಾಟ್ರಿ ನಂತಾವ ಎಲ್ಲಿತ್ತು ಸ್ವಾಮಿ, ಲಾಟೀನು." ಮುಗೀತು. ಕೊನೆಗೆ ಆರೋಪಿಗಳು ಬಿಡುಗಡೆ ಆದ್ರು. ಸತ್ತವರ ಕಡೆಯೋರು ತಾತ ದುಡ್ಡು ತಿಂದ್ರು ಅಂದ್ರು, ಬಿಡುಗಡೆ ಆದೋರು ಇವನು ನಮ್ಮ ಮೇಲೆ ಸಾಕ್ಷಿಗೆ ಹೋದೋನು ಅಂತ ಮಾತು ಬಿಟ್ರು. ಅವರ ಕೈಗೆ ಬಂದಿದ್ದು ಸಾಕ್ಷಿ ಬತ್ತಾ ಮಾತ್ರ. ಅದು ಬಸ್ ಚಾರ್ಜಿಗೂ ಸಾಲ್ತಿರಲಿಲ್ಲ ಅಂತ ನಗ್ತಿದ್ರು.

ನಾನು ಚಿಕ್ಕವನಿದ್ದಾಗ ತಪ್ಪು ಕೋರ್ಟಿಂದು ಅನ್ಕೊಂಡಿದ್ದೆ. ಈಗ ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ಅನುಮಾನ ಇದ್ದಾಗ ಶಿಕ್ಷೆ ಕೊಡಲ್ಲ ಅನ್ನೋದೇ ಪಾಳೇಗಾರನ ಕಟ್ಟೆಗೂ ಕೋರ್ಟಿಗೂ ಇರೋ ವ್ಯತ್ಯಾಸ. ಆದ್ರೆ ಆ ಅನುಮಾನ ಹುಟ್ಟಿದ್ದು ಸತ್ಯ ಇಲ್ಲದೇ ಇದ್ದಿದ್ದಕ್ಕಲ್ಲ, ದೂರದಿಂದ ಮತ್ತು ತಡದಿಂದ.

ಈಗ ಇವತ್ತಿನ ದಾರಿ. ಮಾಗಡಿ ತಾಲ್ಲೂಕಲ್ಲಿ ಒಂದು ಕೊಲೆ ಆಯ್ತು ಅನ್ಕೊಳ್ಳಿ. ಎಫ್‌ಐಆರ್ ಆಗುತ್ತೆ. ಬಂಧಿಸಿದವರನ್ನ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಆರೋಪಿ ಜೈಲಲ್ಲಿದ್ರೆ ಪೊಲೀಸರು 90 ದಿನದಲ್ಲಿ ಚಾರ್ಜ್‌ಶೀಟ್ ಹಾಕಬೇಕು, ಇಲ್ಲದಿದ್ರೆ ಜಾಮೀನು ಅವನ ಹಕ್ಕಾಗುತ್ತೆ.

ಇಲ್ಲೇ ನಾವೆಲ್ಲಾ ಎಡವೋದು. ಟಿವಿಯಲ್ಲಿ "ಚಾರ್ಜ್‌ಶೀಟ್ ಸಲ್ಲಿಕೆ" ಅಂತ ಕೆಂಪಕ್ಷರ ಬಂದ ತಕ್ಷಣ ಅವನೇ ಕೊಲೆಗಾರ ಅಂತ ಕಾಮೆಂಟ್ ಹಾಕ್ತೀವಿ. ಚಾರ್ಜ್‌ಶೀಟ್ ಪೊಲೀಸರ ಮಾತು ಅಷ್ಟೇ. ಚಾರ್ಜ್ ಅನ್ನೋದು ಬೇರೆ, ಅದು ಕೋರ್ಟ್ ಬರೆಯೋದು. ತಾಲ್ಲೂಕಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೊಡಬಹುದಾದ ಶಿಕ್ಷೆ ಹೆಚ್ಚಂದ್ರೆ 3 ವರ್ಷ, ಹಾಗಾಗಿ ಕೊಲೆ ಕೇಸು ಅಲ್ಲಿ ನಡೆಯಲ್ಲ. ಅವರು ದಾಖಲೆಗಳ ಪ್ರತಿಯನ್ನ ಆರೋಪಿಗೆ ಪುಕ್ಕಟೆ ಕೊಟ್ಟು, ಕೇಸನ್ನ ಜಿಲ್ಲೆಯ ಸೆಷನ್ಸ್ ಕೋರ್ಟಿಗೆ ಕಳಿಸ್ತಾರೆ. ವಕೀಲರು "ಕಮಿಟ್ ಆಯ್ತು" ಅಂತಾರಲ್ಲ, ಅದು ಇದೇ. 1898ರ ಹಳೇ ಸಂಹಿತೆಯಲ್ಲಿ ಈ ಹಂತದಲ್ಲೇ ಮ್ಯಾಜಿಸ್ಟ್ರೇಟ್ ಸಾಕ್ಷಿಗಳನ್ನ ಒಂದು ಸಲ ಕೇಳ್ತಿದ್ರು, ಆಮೇಲೆ ಸೆಷನ್ಸ್‌ನಲ್ಲಿ ಮತ್ತೊಂದು ಸಲ. 1955ರಲ್ಲಿ ಅದಕ್ಕೆ ಕತ್ತರಿ ಬಿತ್ತು, 1973ರ ಸಂಹಿತೆ ಪೂರ್ತಿ ತೆಗೆದುಹಾಕ್ತು. ನಮ್ಮ ತಾತ ಇನ್ನೊಂದಿಪ್ಪತ್ತು ವರ್ಷ ಮೊದಲು ಸಾಕ್ಷಿ ಆಗಿದ್ರೆ ಎಷ್ಟು ಬಸ್ ಹತ್ತಬೇಕಿತ್ತೋ.

ಸೆಷನ್ಸ್ ಕೋರ್ಟಲ್ಲಿ ಸರ್ಕಾರಿ ವಕೀಲರು ತಮ್ಮ ಹತ್ರ ಏನಿದೆ ಅಂತ ಹೇಳ್ತಾರೆ. ಕೇಸಲ್ಲಿ ಹುರುಳೇ ಇಲ್ಲ, ಬಿಟ್ಟುಬಿಡಿ ಅಂತ ಆರೋಪಿ ಕಡೆಯವರು ಕೇಳಬಹುದು. ವಿಚಾರಣೆ ನಡೆಸುವಷ್ಟು ಆಧಾರ ಇದೆ ಅನಿಸಿದ್ರೆ ಮಾತ್ರ ನ್ಯಾಯಾಧೀಶರು ಚಾರ್ಜ್ ಬರೀತಾರೆ, ಆರೋಪಿಗೆ ಓದಿ ವಿವರಿಸ್ತಾರೆ: ಇಂಥ ದಿನ, ಇಂಥ ಜಾಗದಲ್ಲಿ, ಇಂಥವರಿಗೆ ನೀನು ಹೀಗೆ ಮಾಡಿದೆ ಅಂತ ಆರೋಪ. ಒಪ್ಕೊಳ್ತೀಯಾ? ಅಮಲ್ದಾರನ ಕಾಲದಲ್ಲಿ ಒಬ್ಬನ ಹತ್ರನೇ ಇದ್ದ ಕೆಲಸ ಈಗ ಇಷ್ಟು ಜನರ ಕೈ ದಾಟಿ ಇಲ್ಲಿಗೆ ಬರುತ್ತೆ.

ಆಮೇಲೆ ಎಲ್ಲಾ ಸಾಕ್ಷಿಗಳ ಮೇಲೆ. ಕಂಬಾಲಪಲ್ಲಿ ನೆನಪಿದೆಯಾ? 2000ದ ಮಾರ್ಚ್ 11, ಆಗಿನ ಕೋಲಾರ ಜಿಲ್ಲೆ, ಏಳು ಜನ ದಲಿತರನ್ನ ಸುಟ್ಟು ಕೊಂದ ಊರು. ಸಾಕ್ಷಿಗಳು ಪ್ರತಿಕೂಲ ಆದ್ರು, 2006ರಲ್ಲಿ ಆರೋಪಿಗಳೆಲ್ಲಾ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ಅದೇ 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿ ಮೇಲೆ ದಾಳಿ ಆಯ್ತು. ಆ ಕೇಸಲ್ಲಿ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಜಿಲ್ಲಾ ಕೋರ್ಟ್ 101 ಜನರನ್ನ ತಪ್ಪಿತಸ್ಥರು ಅಂತು, 98 ಜನರಿಗೆ ಜೀವಾವಧಿ. ಜಿಲ್ಲಾ ಕೋರ್ಟು ಅಂದ್ರೆ ಸಣ್ಣ ಕೋರ್ಟು ಅನ್ನೋರು ಈ ಎರಡು ಊರಿನ ಹೆಸರು ನೆನಪಿಟ್ಕೊಳ್ಳಿ. ಎರಡನೇದಕ್ಕೂ ಹತ್ತು ವರ್ಷ ಹಿಡೀತು ಅನ್ನೋದನ್ನೂ.

2007ರಲ್ಲಿ ರಾಮನಗರ ಜಿಲ್ಲೆ ಆಯ್ತು. ಚನ್ನಪಟ್ಟಣ, ಕನಕಪುರ, ಮಾಗಡಿಯವರಿಗೆ ಜಿಲ್ಲಾ ಕೋರ್ಟು ರಾಮನಗರಕ್ಕೇ ಬಂತು. (2025ರ ಮೇನಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡೋಕೆ ಸಂಪುಟ ಒಪ್ಪಿತು. ಬೆಂಗಳೂರಿಂದ ಬಿಡಿಸ್ಕೊಂಡು ಬಂದು ಮತ್ತೆ ಅದೇ ಹೆಸರು, ಇರಲಿ.) ದೂರ ಸ್ವಲ್ಪ ಕಮ್ಮಿ ಆಯ್ತು. ತಡಕ್ಕೆ ಮದ್ದು ಹುಡುಕಿರೋದು 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಆರೋಪದ ಮೇಲಿನ ಮೊದಲ ವಿಚಾರಣೆಯಿಂದ 60 ದಿನದಲ್ಲಿ ಚಾರ್ಜ್ ಆಗಬೇಕು, ವಾದ ಮುಗಿದ ಮೇಲೆ 30 ದಿನದಲ್ಲಿ, ಹೆಚ್ಚಂದ್ರೆ 45 ದಿನದಲ್ಲಿ ತೀರ್ಪು ಬರಬೇಕು, ರಾಜ್ಯಗಳು ಸಾಕ್ಷಿಗಳ ರಕ್ಷಣೆಗೆ ಯೋಜನೆ ಮಾಡಬೇಕು ಅನ್ನುತ್ತೆ. ಬರೆದಿರೋದು ಚೆನ್ನಾಗಿದೆ. ಆದ್ರೆ ಚಾರ್ಜ್ ಆದ ಮೇಲೆ, ವಾದ ಮುಗಿಯೋಕೆ ಮೊದಲು, ಸಾಕ್ಷಿಗಳು ಮರದ ಕೆಳಗೆ ಕಾಯೋ ಮಧ್ಯದ ಅವಧಿ ಇದೆಯಲ್ಲ, ನಮ್ಮ ತಾತನ ಮೂರು ವರ್ಷ ಹೋಗಿದ್ದು ಅಲ್ಲೇ.

ಕೋರ್ಟ್ ವಿಚಾರಣೆ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತೆ, ಯಾರು ಬೇಕಾದ್ರೂ ಹೋಗಿ ಹಿಂದಿನ ಬೆಂಚಲ್ಲಿ ಕೂರಬಹುದು. ಈ ಸಂಚಿಕೆಗೋಸ್ಕರ ನಾನೂ ಒಂದು ದಿನ ಹೋಗಿದ್ದೆ, ಫೋನ್ ಸ್ವಿಚ್ ಆಫ್ ಮಾಡ್ಕೊಂಡು. ನನಗಿಂತ ಚಿಕ್ಕ ಹುಡುಗ ಕಟಕಟೇಲಿ ನಿಂತಿದ್ದ. ಆರೋಪ ಕನ್ನಡದಲ್ಲೇ ಓದಿದ್ರು. "ಇಲ್ಲ ಸಾರ್" ಅಂದ, ಅಷ್ಟು ಮೆಲ್ಲಗೆ ಅಂದ ಅಂದ್ರೆ ಇನ್ನೊಂದ್ಸಲ ಹೇಳಿಸಿದ್ರು. ವಾಯ್ದೆ ಕೊಟ್ರು.

ಹೊರಗೆ ಅವರಮ್ಮ ಇರಬೇಕು, ನನ್ನ ಕೈಲಿದ್ದ ಫೋನ್ ನೋಡಿ, "ಮುಂದಿನ ತಾರೀಕು ಇದ್ರಾಗೆ ಗೊತ್ತಾಗ್ತದಂತಲ್ಲಪ್ಪ?" ಅಂದ್ರು. ಅವರ ಚೀಲದಲ್ಲಿದ್ದ ಚೀಟೀಲಿ ಕೇಸಿನ ಸಿಎನ್‌ಆರ್ ನಂಬರ್ ಇತ್ತು, 16 ಅಕ್ಷರ-ಅಂಕಿ. ಇ-ಕೋರ್ಟ್ಸ್ ಆ್ಯಪಲ್ಲಿ ಹಾಕಿದೆ. ಇವತ್ತಿನದು ಇನ್ನೂ ಏರಿರಲಿಲ್ಲ. ಸಾಯಂಕಾಲ ನೋಡಿ ಹೇಳ್ತೀನಿ ಅಂತ ಅವರ ನಂಬರ್ ಬರ್ಕೊಂಡೆ.