ಪೊಲೆಕೇಶಿಯೋ ಪುಲಕೇಶಿಯೋ: ಮಗುವಿನ ಹೆಸರು, ಜನರ ಬಾಯಿ, ಶಾಸನದ ಸಾಕ್ಷಿ

ಶಾಸನ ಓದುವ ಹುಚ್ಚು ಇದೆ ಅಂತ ನಾಲ್ಕು ಜನಕ್ಕೆ ಗೊತ್ತಾದ ಮೇಲೆ ಬರುವ ಪ್ರಶ್ನೆಗಳಲ್ಲಿ ಒಂದು ಮಗುವಿನ ಹೆಸರಿನದು. "ಶಾಸನದಲ್ಲಿರೋ ಒಂದು ಒಳ್ಳೆ ಹಳೆಗನ್ನಡ ಹೆಸರು ಹೇಳಿ ಸಾರ್" ಅಂತ ಕೇಳುತ್ತಾರೆ. ಎರಡು ಮೂರು ಹೇಳಿದರೆ ಹಿಂದೆಯೇ ಇನ್ನೊಂದು ಪ್ರಶ್ನೆ: "ಜನ ಸರಿಯಾಗಿ ಕರೀತಾರಾ? ಒಬ್ಬೊಬ್ಬರು ಒಂದೊಂದು ಥರ ಹೇಳಿದ್ರೆ?" ಅಜ್ಜಿ ಒಂದು ಥರ, ಶಾಲೆಯ ಟೀಚರ್ ಇನ್ನೊಂದು ಥರ, ದೆಹಲಿಯ ಸಹೋದ್ಯೋಗಿ ಮತ್ತೊಂದು ಥರ ಕರೆದರೆ ಮಗುವಿನ ಹೆಸರು ಕೆಟ್ಟುಹೋಗುತ್ತದೆ ಎಂಬ ಭಯ ಅದು. ಭಯಕ್ಕೆ ಅರ್ಥವಿದೆ. ಆದರೆ ಶಾಸನಗಳನ್ನು ನೋಡಿದರೆ ಭಯಪಡಬೇಕಾದ ಜಾಗ ಬೇರೆ ಅಂತ ನನಗನ್ನಿಸುತ್ತದೆ.

ಅಶೋಕನಿಂದ ಶುರು ಮಾಡೋಣ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅವನ ಸ್ವಂತ ಹೆಸರು ಇದೆ. (ಅದನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಇದನ್ನು ಹೇಳುವ ಅವಕಾಶ ನಾನು ಬಿಡುವುದಿಲ್ಲ!) ಅಲ್ಲಿರುವುದು 'ಅಸೋಕ'. ಶಕಾರ ಇಲ್ಲ, ಸಕಾರ. ಹಳ್ಳಿಯಲ್ಲಿ ಇವತ್ತೂ ಯಾರಾದರೂ 'ಅಸೋಕ' ಅಂದರೆ ನಾವು ತಿದ್ದಲು ಹೋಗುತ್ತೇವೆ. ಇನ್ನು ಅವನ ಬಿರುದು ನೋಡಿ. ಒಡಿಶಾದ ಧೌಲಿಯಲ್ಲಿ ಅವನು 'ಪಿಯದಸಿ ಲಾಜಾ'. ಗುಜರಾತಿನ ಗಿರ್ನಾರಿನಲ್ಲಿ 'ಪ್ರಿಯದಸಿ ರಾಜಾ'. ಈಗ ಪಾಕಿಸ್ತಾನದಲ್ಲಿರುವ ಶಾಹ್‌ಬಾಜ್‌ಗಢಿಯಲ್ಲಿ 'ಪ್ರಿಯದ್ರಶಿ'. ಕಂದಹಾರದ ಗ್ರೀಕ್ ಶಾಸನದಲ್ಲಿ 'ಪಿಯೊದಸ್ಸೇಸ್'. ಇವು ಶತ್ರುಗಳೋ ಪ್ರವಾಸಿಗಳೋ ತಪ್ಪಾಗಿ ಕೇಳಿ ಬರೆದುಕೊಂಡವಲ್ಲ, ಅವನ ಆಡಳಿತವೇ ಬರೆಸಿದ್ದು. ರ ಬದಲು ಲ ಹೇಳುವ ಕಡೆ ರಾಜನೂ ಲಾಜನೇ. ಅಷ್ಟು ದೊಡ್ಡ ಸಾಮ್ರಾಜ್ಯದಲ್ಲಿ ಒಂದೇ ಉಚ್ಚಾರವನ್ನು ಹೇರಬೇಕು ಅಂತ ಯಾರಿಗೂ ಅನ್ನಿಸಿದಂತೆ ಕಾಣುವುದಿಲ್ಲ.

ಈಗ ಪುಲಕೇಶಿ. ಬೆಂಗಳೂರಿನ ಪುಲಕೇಶಿನಗರದಿಂದ ಹಿಡಿದು ಶಾಲೆಯ ಪಠ್ಯದವರೆಗೆ ಎಲ್ಲೆಲ್ಲೂ ಇದೇ ರೂಪ. ಆದರೆ ಶಾಸನಗಳಲ್ಲಿ ಪುಲಿಕೇಶಿ, ಪುಲೆಕೇಶಿ, ಪೊಲೆಕೇಶಿ ಎಲ್ಲವೂ ಸಿಗುತ್ತವೆ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಅಜ್ಜನನ್ನು, ಅಂದರೆ ಒಂದನೆಯ ಪುಲಕೇಶಿಯನ್ನು, ಹೆಸರಿಸುವಾಗ ಬರೆದದ್ದು 'ಪೊಲೆಕೇಶಿ'. ಇದನ್ನು ಹೇಗೆ ಉಚ್ಚರಿಸಬೇಕು? ಇಲ್ಲೊಂದು ತೊಡಕು ಇದೆ. ಆ ಕಾಲದ ಲಿಪಿಯಲ್ಲಿ ಎ ಮತ್ತು ಏ, ಒ ಮತ್ತು ಓ ಇವುಗಳಿಗೆ ಬೇರೆ ಬೇರೆ ಗುರುತು ಇರಲಿಲ್ಲ. ಕಲ್ಲನ್ನು ಮಾತ್ರ ನೋಡಿದರೆ ಅದು 'ಪೊಲೆಕೇಶಿ'ಯೂ ಆಗಬಹುದು, 'ಪೋಲೇಕೇಶಿ'ಯೂ ಆಗಬಹುದು. ಶಾಸನ ಇರುವುದು ಸಂಸ್ಕೃತದಲ್ಲಿ. ಸಂಸ್ಕೃತದಲ್ಲಿ ಹ್ರಸ್ವ ಎಕಾರ, ಒಕಾರಗಳೇ ಇಲ್ಲ. ವ್ಯಾಕರಣದ ಪ್ರಕಾರ ಹೋದರೆ 'ಪೋಲೇಕೇಶಿ' ಅಂತಲೇ ಓದಬೇಕು.

ಆದರೆ ಅದು ಪದ್ಯ, ಆರ್ಯಾ ಛಂದಸ್ಸಿನಲ್ಲಿದೆ. ಪೂರ್ವಾರ್ಧಕ್ಕೆ 30 ಮಾತ್ರೆ, ಉತ್ತರಾರ್ಧಕ್ಕೆ 27. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಅಂತ ಎಣಿಸಿದರೆ ಲೆಕ್ಕ ತಾನಾಗಿ ಹೇಳುತ್ತದೆ. ಈ ಹೆಸರು ಬರುವುದು ಪೂರ್ವಾರ್ಧದಲ್ಲಿ. 'ಪೋಲೇ' ಅಂತ ಎರಡನ್ನೂ ದೀರ್ಘ ಮಾಡಿದರೆ 32 ಆಗುತ್ತದೆ, ಸಾಲು ಮುರಿಯುತ್ತದೆ. ಎರಡನ್ನೂ ಹ್ರಸ್ವ ಮಾಡಿ, ಸರಿಯಾಗಿ 30. ಪೊ-ಲೆ-ಕೇ ನಾಲ್ಕು ಮಾತ್ರೆಯ ಒಂದು ಗಣವಾಗಿ ತೊಲೆಗೆ ಕೂಡುಗಚ್ಚು ಕೂತ ಹಾಗೆ ಕೂರುತ್ತದೆ. ಸಂಜೆ ಆಫೀಸಿನಿಂದ ಬಂದು ಇದನ್ನು ಎಣಿಸಿದಾಗ ಆದ ಖುಷಿ ಹೇಳತೀರದು, ನೀವೂ ಕಾಗದ ಪೆನ್ನು ಹಿಡಿದು ಎಣಿಸಿ ನೋಡಿ.

ಇದರ ಅರ್ಥ ಏನು? ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡ ಕವಿ ಸಂಸ್ಕೃತದಲ್ಲಿ ಇಲ್ಲದೇ ಇರುವ ಎರಡು ಸ್ವರಗಳನ್ನು ಸಂಸ್ಕೃತ ಪದ್ಯದೊಳಗೆ ತಂದಿದ್ದಾನೆ. ಯಾಕೆಂದರೆ ಅರಮನೆಯಲ್ಲಿ ಆ ಹೆಸರನ್ನು ಹಾಗೆ ಕರೆಯುತ್ತಿದ್ದರು. ಹೆಸರನ್ನು ಭಾಷೆಗೆ ತಕ್ಕಂತೆ ಬಗ್ಗಿಸಲಿಲ್ಲ, ಭಾಷೆಯನ್ನೇ ಹೆಸರಿಗೆ ಬಗ್ಗಿಸಿದ. ಈ ಹೆಸರು ಮೂಲದಲ್ಲಿ ಸಂಸ್ಕೃತದ್ದೋ ಇಲ್ಲಿಯದೋ ಎಂಬ ಚರ್ಚೆಯಲ್ಲಿ ನಾನು ಇಲ್ಲಿಯದು ಎನ್ನುವ ಪಕ್ಷ. ನನ್ನ ಮಟ್ಟಿಗೆ ಈ ಎರಡು ಹ್ರಸ್ವಗಳ ಸಾಕ್ಷ್ಯವೇ ಭಾರವಾದದ್ದು. ಅಂದಹಾಗೆ, ಇಮ್ಮಡಿ ಪುಲಕೇಶಿಯ ಕಾಲದಲ್ಲೇ ಈ ಕಡೆ ಬಂದ ಹ್ಯೂಯೆನ್‌ತ್ಸಾಂಗ್ ಅವನ ಹೆಸರನ್ನು ಚೀನೀ ಅಕ್ಷರಗಳಲ್ಲಿ ಹೆಚ್ಚು ಕಡಿಮೆ 'ಪು-ಲೋ-ಕಿ-ಶೆ' ಅಂತ ಬರೆದಿಟ್ಟ.

ಇನ್ನೊಂದು ಬಗೆಯೂ ಇದೆ. ಒಂದೇ ಮನುಷ್ಯನಿಗೆ ಸಂಸ್ಕೃತದಲ್ಲಿ ಒಂದು ರೂಪ, ಕನ್ನಡದ ಬಾಯಲ್ಲಿ ಇನ್ನೊಂದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ 959ರ ಕರ್ಹಾಡ ತಾಮ್ರಪಟದಲ್ಲಿ ಕೃಷ್ಣರಾಜ. ಶಕ 872ರ ಆತಕೂರು ಕಲ್ಲಿನಲ್ಲಿ (ಬೆಂಗಳೂರಿನ ಮ್ಯೂಸಿಯಂನಲ್ಲಿದೆ, 'ಕಾಳಿ' ಎಂಬ ನಾಯಿಯ ಕಥೆಯಿಂದ ಪ್ರಸಿದ್ಧ) ಕನ್ನರದೇವ. ತಮಿಳು ಶಾಸನಗಳು ಕೂಡ ಕಚ್ಚಿಯನ್ನೂ ತಂಜೆಯನ್ನೂ ಗೆದ್ದ ಕನ್ನರದೇವ ಅಂತಲೇ ಕರೆಯುತ್ತವೆ. ಅದೇ ವಂಶದ ಧ್ರುವ 'ಧೋರ' ಆದ, ಗೋವಿಂದ 'ಗೋಯಿಂದ' ಆದ. ಇವತ್ತು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬ ಧ್ರುವ್ ಇದ್ದಾನೆ. 'ವ್' ಅಂತ ಅರ್ಧಕ್ಕೆ ನಿಲ್ಲಿಸುವುದಕ್ಕೆ ಗೊಣಗುವ ಹಿರಿಯರಿಗೆ ನಾನು ಧೋರನ ಕಥೆ ಹೇಳುತ್ತೇನೆ.

ಹಾಗಾದರೆ ಭಯ ಬೇಡವೇ? ಬೇಕು, ಒಂದು ಕಡೆ. ಹೊಯ್ಸಳ ವಿಷ್ಣುವರ್ಧನನ ಇನ್ನೊಂದು ಹೆಸರು ಬಿಟ್ಟಿದೇವ, ಬಿಟ್ಟಿಗ. ಜೈನನಾಗಿದ್ದಾಗ ಬಿಟ್ಟಿದೇವ, ವೈಷ್ಣವನಾದ ಮೇಲೆ ವಿಷ್ಣುವರ್ಧನ ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ವಿಷ್ಣು ಕನ್ನಡದಲ್ಲಿ ತದ್ಭವವಾಗಿ ಬಿಟ್ಟು, ಬಿಟ್ಟಿ ಆಗುತ್ತದೆ. ಎರಡು ಹೆಸರಿರಲು ಮತಾಂತರವೇ ಆಗಬೇಕಿಲ್ಲ. ಇಲ್ಲಿ ನಮಗೆ ಬೇಕಾದ ವಿಷಯ ಬೇರೆ. ಸಂಬಳವಿಲ್ಲದ ಬಲವಂತದ ದುಡಿಮೆಗೆ ಸಂಸ್ಕೃತದಲ್ಲಿ 'ವಿಷ್ಟಿ' ಅನ್ನುತ್ತಾರೆ. ಅದರ ತದ್ಭವವೂ ಬಿಟ್ಟಿಯೇ! ಎರಡು ಫೈಲಿಗೆ ಒಂದೇ ಹೆಸರು ಕೊಟ್ಟ ಹಾಗೆ. ದೇವರ ಹೆಸರಿನ ಬಿಟ್ಟಿ ಮರೆತುಹೋಯಿತು, ಪುಕ್ಕಟೆಯ ಬಿಟ್ಟಿ ಉಳಿಯಿತು. ತಲಕಾಡು ಗೆದ್ದ ದೊರೆಯ ಹೆಸರನ್ನು ಇವತ್ತು ಯಾರೂ ಮಗನಿಗೆ ಇಡಲಾರರು.

ನೋಡಬೇಕಾದದ್ದು ಇದನ್ನೇ. ಉಚ್ಚಾರ ಬದಲಾಗುವುದು ತೊಂದರೆಯಲ್ಲ, ಬದಲಾದ ಉಚ್ಚಾರ ಬೇರೆ ಪದದ ಮೇಲೆ ಹೋಗಿ ಬೀಳುವುದು ತೊಂದರೆ. ಪೃಥ್ವಿ ಎಂಬ ಹೆಸರು ಪ್ರಿಥ್ವಿ, ಪ್ರುಥ್ವಿ ಎಂದಾದರೆ ಏನೂ ಆಗುವುದಿಲ್ಲ. ರಾಜ ಆಳುತ್ತಿದ್ದ ಅಂತ ಹೇಳುವ ಸಾಲಿನಲ್ಲಿ ವೀರಗಲ್ಲುಗಳು 'ಪೃಥಿವೀ' ಅಂತಲೂ ಬರೆದಿವೆ, 'ಪ್ರಿಥುವೀ' ಅಂತಲೂ ಬರೆದಿವೆ. ಹರ್ಷ ಕೆಲವು ಕಡೆ 'ಅರ್ಸ' ಆಗುತ್ತಾನೆ. ಆಗಲಿ, ಅರಸನೇ ಆದ. ಆದರೆ 'ಧನ' ಅಂತ ಶುರುವಾಗುವ ಹೆಸರನ್ನು ಚಿಕ್ಕದು ಮಾಡಿ, ಮಹಾಪ್ರಾಣ ಬಿಟ್ಟು ಕರೆದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಶಾಲೆಯ ಮೈದಾನದಲ್ಲಿ ಹುಡುಗರು ಹೇಳುತ್ತಾರೆ.

ಹೆಣ್ಣುಮಗುವಿಗೆ ಕೇಳಿದರೆ ನಾನು ಮೊದಲು ಹೇಳುವುದು ಜಕ್ಕಿಯಬ್ಬೆಯ ಕಥೆ. ಹತ್ತನೇ ಶತಮಾನದ ಆರಂಭದಲ್ಲಿ, ಇಮ್ಮಡಿ ಕೃಷ್ಣನ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದವಳು. ಕೊನೆಗೆ ಅಧಿಕಾರ ಮಗಳಿಗೆ ಒಪ್ಪಿಸಿ ಬಂದಳಿಕೆಯಲ್ಲಿ ವ್ರತ ಹಿಡಿದು ಪ್ರಾಣಬಿಟ್ಟಳು. 'ಜಕ್ಕಿ' ಅಂದರೆ ಯಕ್ಷಿ. ಕೇಳಿದವರು ಕಥೆ ಮೆಚ್ಚುತ್ತಾರೆ, ಹೆಸರು ಮಾತ್ರ ಯಾರೂ ಇಡುವುದಿಲ್ಲ, "ಜಾಕಿ ಅಂತ ಕರೀತಾರೆ" ಅಂತಾರೆ. ನ್ಯಾಯವೇ.

ಆಮೇಲೆ ಹೇಳುವುದು ಇಳಾ. ಭೂಮಿ, ಮಾತು ಎಂಬ ಅರ್ಥಗಳಿವೆ. ಇದನ್ನು ಇಳಾ, ಇಲಾ, ಇಡಾ ಹೇಗೆ ಹೇಳಿದರೂ ಹಳೆಯದೇ. ಮೂರೂ ರೂಪಗಳು ಸಂಸ್ಕೃತದಲ್ಲೇ ಇವೆ. ಳಕಾರ ಬಾರದ ಉತ್ತರದವರು ಇಲಾ ಅಂದರೂ ಅವರು ತಪ್ಪು ಹೇಳಿದ ಹಾಗಾಗಲಿಲ್ಲ. ಇಷ್ಟು ಸುರಕ್ಷಿತವಾದ ಹೆಸರು ನನಗೆ ಬೇರೆ ಸಿಕ್ಕಿಲ್ಲ.

ಕಲ್ಲಿಗಿದ್ದ ಸಲುಗೆ ಮಾತ್ರ ಈಗಿನ ದಾಖಲೆಗಳಿಗಿಲ್ಲ. ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಸ್ಪೆಲಿಂಗ್ ಆದರೆ ಅಫಿಡವಿಟ್ ಹಿಡಿದು ಅಲೆಯಬೇಕು. ಅವಸರ ಬೇಡ: ಹೆಸರಿಲ್ಲದೆಯೇ ಜನನ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಷ್ಟರಲ್ಲಿ ಅಜ್ಜಿಯ ಬಾಯಲ್ಲಿ, ಪಕ್ಕದ ಮನೆಯವರ ಬಾಯಲ್ಲಿ, ಬೇರೆ ರಾಜ್ಯದ ಗೆಳೆಯರ ಬಾಯಲ್ಲಿ ಅದು ಏನಾಗುತ್ತದೆ ಅಂತ ಕೇಳಿಸಿಕೊಳ್ಳಿ. ನಮ್ಮ ರಾಜ್ಯದ ಜನನ ಪ್ರಮಾಣಪತ್ರದಲ್ಲಿ ಕನ್ನಡದಲ್ಲೂ ಹೆಸರು ಬರುತ್ತದೆ, ಬಹಳ ಜನ ಅದನ್ನು ನೋಡುವುದೇ ಇಲ್ಲ. ಅಲ್ಲಿ ಳಕಾರ, ದೀರ್ಘ ಸರಿಯಿದೆಯಾ ಅಂತ ಕೌಂಟರಿನಲ್ಲೇ ನಿಂತು ನೋಡಿಕೊಳ್ಳಿ. ಇಂಗ್ಲಿಷ್ ಸಾಲಿನಲ್ಲಿ ಇಳಾನೂ ಇಲಾನೂ ಒಂದೇ ಥರ ಕಾಣುತ್ತವೆ, ನೀವು ಇಟ್ಟದ್ದು ಯಾವುದು ಅಂತ ಗೊತ್ತಾಗುವುದು ಆ ಕನ್ನಡದ ಸಾಲಿನಿಂದ ಮಾತ್ರ.