ಸದ್ದಿಲ್ಲದ ಸರಪಳಿಯ ಕಥೆ

ಹಳೇ ಟ್ರಕ್ಕಿನ ಟೈಮಿಂಗ್ ಚೈನ್ ಬದಲಾಯಿಸೋದು ಮೆಕ್ಯಾನಿಕ್ ಕೆಲಸ, ಅದರಲ್ಲಿ ಇತಿಹಾಸ ಎಲ್ಲಿಂದ ಬಂತು ಅಂತ ಕೇಳ್ತೀರೇನೋ. ಇದೆ ಸ್ವಾಮಿ! ರಾಜ ಮಹಾರಾಜರದ್ದಲ್ಲ, ಸದ್ದಿನ ಇತಿಹಾಸ.

ಮೊದಲು ಚೂರು ಪಾಠ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗಬೇಕು. ಪಿಸ್ಟನ್ ಸರಿಯಾದ ಜಾಗಕ್ಕೆ ಬಂದಾಗ ವಾಲ್ವ್ ತೆರೆಯೋದು, ಮುಚ್ಚೋದು ಕ್ಯಾಮಿನ ಕೆಲಸ. ಇವೆರಡರ ತಾಳ ತಪ್ಪಿದರೆ ಎಂಜಿನ್ ಏದುಸಿರು ಬಿಡುತ್ತೆ, ಇಲ್ಲವೇ ನಿಂತೇ ಹೋಗುತ್ತೆ. ಇವನ್ನು ಜೋಡಿಸಲು ಹಳೆಯ ದಾರಿಗಳು ಎರಡು: ಹಲ್ಲಿಗೆ ಹಲ್ಲು ಕಚ್ಚುವ ಗೇರು, ಇಲ್ಲವೇ ಸರಪಳಿ. ರಬ್ಬರ್ ಬೆಲ್ಟ್ ಬಂದಿದ್ದು ಆಮೇಲೆ.

ಸರಪಳಿಯ ಕಥೆ ಶುರುವಾಗೋದು ಬಟ್ಟೆ ಗಿರಣಿಯಿಂದ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಹಾನ್ಸ್ ರೆನಾಲ್ಡ್, 1879ರಲ್ಲಿ ಸಾಲ್ಫರ್ಡಿನ ಒಂದು ಸಣ್ಣ ಚೈನ್ ಕಾರ್ಖಾನೆ ಕೊಂಡ. ಗಿರಣಿ ಯಂತ್ರಗಳಿಗೆ ಸರಪಳಿ ಮಾಡುತ್ತಿದ್ದ ಜಾಗ ಅದು. ಮರುವರ್ಷ, 1880ರಲ್ಲಿ, ಬುಶ್ ರೋಲರ್ ಚೈನ್ ಕಂಡುಹಿಡಿದ. ನಮ್ಮ ಸೈಕಲ್ ಚೈನು ಅದೇ ವಂಶದ್ದು. ಕೊಂಡಿಗಳಲ್ಲೇ ಹಲ್ಲಿರುವ ‘ಸೈಲೆಂಟ್ ಚೈನ್’ ಕೂಡ ಅವನದ್ದೇ. ಹೆಸರಲ್ಲೇ ಇದೆ ನೋಡಿ, ಸದ್ದು ಮಾಡಬಾರದು!

ಈಗ ಟ್ರಕ್ಕಿಗೆ ಬರೋಣ. ಜನರಲ್ ಮೋಟಾರ್ಸ್ ಕಂಪನಿ 1928ರಿಂದ 1954ರವರೆಗೆ ಮುಂಬೈನಲ್ಲಿ ವಾಹನ ಜೋಡಿಸುತ್ತಿತ್ತು, ಹಾಗಾಗಿ ಷೆವರ್ಲೆ ಲಾರಿ ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. 1929ರಲ್ಲಿ ಬಂದ ಷೆವರ್ಲೆ ಸಿಕ್ಸ್ ಸಿಲಿಂಡರ್ ಎಂಜಿನ್ನಿನಲ್ಲಿ ಚೈನೇ ಇರಲಿಲ್ಲ, ಗೇರು. 1955ರ ಮಾದರಿಗೆ ಬಂದ ಸ್ಮಾಲ್ ಬ್ಲಾಕ್ ವಿ8ನಲ್ಲಿ ಚೈನು. 265 ಘನ ಅಂಗುಲದ ಆ ಎಂಜಿನ್ ಹುಟ್ಟಿದ್ದು ಕಾರಿಗಾಗಿ, ಆದರೆ ಅದೇ ವರ್ಷ ಪಿಕಪ್ ಟ್ರಕ್ಕಿಗೂ ಏರಿತು. ಎಡವಟ್ಟು ಶುರುವಾಗಿದ್ದು ಇಲ್ಲೇ. ಕಾರು ಕೊಳ್ಳುವವನ ಕಿವಿಗೆ ಹಿತವಾಗಲಿ ಅಂತ ಮಾಡಿದ್ದು ರೈತನ ಟ್ರಕ್ಕಿಗೂ ಬರೋ ಹಾಗಾಯ್ತು.

1960ರ ದಶಕದಲ್ಲಿ ಅಮೆರಿಕದ ಹಲವು ವಿ8ಗಳ ಕ್ಯಾಮ್ ಸ್ಪ್ರಾಕೆಟ್ಟಿಗೆ ಅಲ್ಯುಮಿನಿಯಂ ಮೈ, ನೈಲಾನ್ ಹಲ್ಲು ಬಂತು. ಹೊಸದರಲ್ಲಿ ಬಲು ಮೆತ್ತಗೆ ಓಡುತ್ತಿತ್ತು. ಆದರೆ ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದ ನೈಲಾನ್ ಪೆಡಸಾಗಿ ಉದುರತೊಡಗಿತು. ಉದುರಿದ ಚೂರು ಆಯಿಲ್ ಪ್ಯಾನಿಗೆ ಬಿದ್ದು ಪಂಪಿನ ಜಾಲರಿಗೆ ಅಡರಿಕೊಂಡರೆ ಎಣ್ಣೆ ಮೇಲಕ್ಕೆ ಏರೋದೇ ಇಲ್ಲ. ಹಲ್ಲು ಹೋದದ್ದು ಒಂದು ಕಡೆ, ಬೇರಿಂಗ್ ಹೋದದ್ದು ಇನ್ನೊಂದು ಕಡೆ!

ಚೈನ್ ಸಡಿಲವಾಗಿದೆಯೋ ಅಂತ ನೋಡೋಕೆ ಬಲ್ಲವರು ಎಂಜಿನ್ ಬಿಚ್ಚೋದಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸುತ್ತಾರೆ. ಕ್ರ್ಯಾಂಕ್ ತಿರುಗಿದರೂ ರೋಟರ್ ಸುಮ್ಮನೆ ಕೂತಿದ್ದರೆ, ಆ ನಡುವಿನ ಅಂತರವೇ ಚೈನಿನ ಸಡಿಲ. ಇನ್ನು ಬದಲಾಯಿಸೋದು ಅಂದರೆ ರೇಡಿಯೇಟರ್ ನೀರು ಇಳಿಸಿ, ಫ್ಯಾನು, ವಾಟರ್ ಪಂಪು ಬಿಚ್ಚಿ, ಮುಂದಿನ ಬ್ಯಾಲೆನ್ಸರನ್ನು ಪುಲ್ಲರ್ ಹಾಕಿ ಎಳೆಯಬೇಕು. ಸುತ್ತಿಗೆ ಮುಟ್ಟಬಾರದು. ಆಮೇಲೆ ಟೈಮಿಂಗ್ ಕವರ್. ಒಳಗೆ ಎರಡೂ ಚಕ್ರಗಳ ಮೇಲೆ ಒಂದೊಂದು ಚುಕ್ಕೆ. ಚುಕ್ಕೆಗೆ ಚುಕ್ಕೆ ಎದುರುಬದುರು ನಿಂತರೆ ಸರಿ.

ಇಲ್ಲೊಂದು ಮಜಾ ಇದೆ. ಸ್ಮಾಲ್ ಬ್ಲಾಕಿನಲ್ಲಿ ಚುಕ್ಕೆಗಳು ಹಾಗೆ ಎದುರಾದಾಗ ಕಿಡಿ ಹಾರುವ ಸರದಿ ಒಂದನೇ ಸಿಲಿಂಡರಿನದ್ದಲ್ಲ, ಆರನೆಯದ್ದು. ಡಿಸ್ಟ್ರಿಬ್ಯೂಟರನ್ನೂ ಬಿಚ್ಚಿದ್ದರೆ ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ, ಆಮೇಲೆ ಒಂದನೆಯದ್ದಕ್ಕೆ ಕೂರಿಸಬೇಕು. ಇದು ಗೊತ್ತಿಲ್ಲದವರು ಎಲ್ಲ ಸರಿ ಜೋಡಿಸಿಯೂ ಎಂಜಿನ್ ಸ್ಟಾರ್ಟ್ ಆಗದೆ ತಲೆ ಕೆರೆದುಕೊಂಡಿದ್ದಾರೆ. ನೈಲಾನ್ ಹಲ್ಲು ಉದುರಿದ್ದರೆ ಆಯಿಲ್ ಪ್ಯಾನ್ ಇಳಿಸಿ ತೊಳೆಯಲೇಬೇಕು. ಹೊಸದಾಗಿ ಹಾಕೋದು ಏನು ಗೊತ್ತಾ? ಬಹುತೇಕರು ಕಬ್ಬಿಣ ಇಲ್ಲವೇ ಉಕ್ಕಿನ ಹಲ್ಲಿನದ್ದೇ. ಟ್ರಕ್ ಮಾಲೀಕನಿಗೆ ಚೂರು ಸದ್ದು ಬಂದರೆ ಏನು ಗಂಟು ಹೋಗುತ್ತೆ?

ಭಾರದ ಡೀಸೆಲ್ ಲಾರಿಗಳು ಮಾತ್ರ ಹೆಚ್ಚಾಗಿ ಗೇರನ್ನೇ ನಂಬಿಕೊಂಡು ಬಂದವು. ಅಲ್ಲಿ ಇಂಧನದ ಪಂಪನ್ನೂ ತಿರುಗಿಸಬೇಕು, ಲಕ್ಷಗಟ್ಟಲೆ ಕಿಲೋಮೀಟರ್ ಓಡಬೇಕು. ಗರಗರ ಸದ್ದಿಗೆ ಯಾವ ಡ್ರೈವರನೂ ಬೇಸರ ಮಾಡಿಕೊಳ್ಳಲಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2004ರಿಂದ 2010ರವರೆಗಿನ ಫೋರ್ಡ್ ಎಫ್-150ಗೆ ಬಂದ 5.4 ಲೀಟರ್ ವಿ8ನಲ್ಲಿ ಚೈನ್ ಜಾರುವ ಪಟ್ಟಿಗಳು ಪ್ಲಾಸ್ಟಿಕ್ಕಿನವು. ಅವು ಸವೆದು ಮುರಿಯುವುದು ಮೆಕ್ಯಾನಿಕ್‌ಗಳ ನಡುವೆ ಮನೆಮಾತಾಯಿತು. ನಲವತ್ತು ವರ್ಷದ ನಂತರ ಅದೇ ರಾಗ, ತಾಳ ಮಾತ್ರ ಬೇರೆ.

ನನಗನ್ನಿಸೋದು ಇಷ್ಟೇ. ಶೋರೂಮಿನಲ್ಲಿ ಕೇಳಿಸದ ಸದ್ದಿಗೆ ಬೆಲೆ ಕೊಡೋನು ಮೊದಲನೇ ಮಾಲೀಕನಲ್ಲ. ಹತ್ತು ವರ್ಷದ ಮೇಲೆ ಅದೇ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಅದರ ಮೇಲೆ ಸಂಸಾರ ನಡೆಸುವವನು. ಇತಿಹಾಸದ ಪುಸ್ತಕದಲ್ಲಿ ಎಂಜಿನ್ ಮಾಡಿದವನ ಹೆಸರು ಇರುತ್ತೆ, ಆಯಿಲ್ ಪ್ಯಾನಿನಿಂದ ನೈಲಾನ್ ಚೂರು ಹೆಕ್ಕಿದವನದ್ದು ಇರೋದಿಲ್ಲ. ನೀವೇನಂತೀರಿ?