ಸ್ವಾರ್ಥಕ್ಕೆ ಅಂಟಿದ ಮಸಿ

‘ಸ್ವಾರ್ಥಿ’ ಎಂದು ಒಬ್ಬರು ಇನ್ನೊಬ್ಬರನ್ನು ಬೈದಾಗ, ಬೈದವರಿಗೆ ಆ ಹೊತ್ತಿನಲ್ಲಿ ಏನು ಬೇಕಾಗಿತ್ತು ಎಂಬುದನ್ನು ಗಮನಿಸಬೇಕು. ನಮ್ಮ ಬೀದಿಯ ಮನೆಯೊಂದರಲ್ಲಿ ಹಿರಿಯ ಮಗಳು ಎಂ.ಎಸ್ಸಿ. ಓದಲು ಧಾರವಾಡಕ್ಕೆ ಹೋಗುತ್ತೇನೆಂದು ಹಟ ಹಿಡಿದಳು. ಸೀಟು ಸಿಕ್ಕಿತ್ತು, ಹಾಸ್ಟೆಲೂ ಸಿಕ್ಕಿತ್ತು. ಅಜ್ಜಿಯ ಮಂಡಿನೋವು, ತಮ್ಮನ ಪಿಯುಸಿ, ಅಮ್ಮನೊಬ್ಬಳ ದುಡಿಮೆ ಎಲ್ಲವನ್ನೂ ಎತ್ತಿ ಆಡಿದ ಸೋದರಮಾವ ಕೊನೆಗೆ, “ಇಷ್ಟೊಂದು ಸ್ವಾರ್ಥಿ ಆಗಬಾರದು ಕಣಮ್ಮ, ನೋಡಿದವರು ನಾಲ್ಕು ಜನ ಏನಂತಾರೆ?” ಎಂದರು. “ನಾನು ಓದಿದರೆ ಯಾರ ಗಂಟು ಹೋಗುತ್ತೆ ಮಾವ?” ಎಂದಳು ಹುಡುಗಿ. ತಮ್ಮನನ್ನು ಕೋಚಿಂಗಿಗೆ ಬೆಂಗಳೂರಿಗೆ ಕಳಿಸುವ ಮಾತೂ ಆ ಮನೆಯಲ್ಲಿ ಆಗಲೇ ನಡೆದಿತ್ತು. ಅದನ್ನು ಯಾರೂ ಸ್ವಾರ್ಥ ಎನ್ನಲಿಲ್ಲ.

ಈ ಮಸಿ ಪದಕ್ಕೆ ಹುಟ್ಟಿನಿಂದ ಅಂಟಿದ್ದಲ್ಲ. ಸ್ವ ಮತ್ತು ಅರ್ಥ ಸೇರಿ ಸ್ವಾರ್ಥ. ಅರ್ಥವಾದರೋ ನಾಲ್ಕು ಪುರುಷಾರ್ಥಗಳಲ್ಲಿ ಒಂದು. ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕಕ್ಕೆ ಮೊದಲ ಪುಸ್ತಕವಾಗಿ ಓದಿಸುವ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಅನುಮಾನ ಎರಡು ಬಗೆ: ಸ್ವಾರ್ಥ ಮತ್ತು ಪರಾರ್ಥ. (ನಾವು ದಿನಬಳಕೆಯಲ್ಲಿ ಅನುಮಾನವನ್ನೂ ಸಂಶಯಕ್ಕೆ ಇಳಿಸಿದ್ದೇವೆ, ತರ್ಕದಲ್ಲಿ ಅದು ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ.) ಅಡುಗೆಮನೆಯಲ್ಲಿ ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುವುದನ್ನು ಮತ್ತೆ ಮತ್ತೆ ಕಂಡವನು, ಬೆಟ್ಟದ ಹತ್ತಿರ ಹೋದಾಗ ಹೊಗೆ ನೋಡಿ ಅಲ್ಲಿ ಬೆಂಕಿಯಿದೆ ಎಂದು ತಾನೇ ತಿಳಿದುಕೊಂಡರೆ ಅದು ಸ್ವಾರ್ಥಾನುಮಾನ. ಅದನ್ನೇ ಐದು ಅವಯವಗಳ ವಾಕ್ಯಗಳಲ್ಲಿ ಕಟ್ಟಿ ಇನ್ನೊಬ್ಬನಿಗೆ ಮನಗಾಣಿಸಿದರೆ ಪರಾರ್ಥಾನುಮಾನ. ವ್ಯಾಕರಣದಲ್ಲೂ ಹೀಗೆಯೇ. ‘ಬಾಲ’ ಎಂಬುದು ‘ಬಾಲಕ’ ಆದಾಗ ಆ ‘ಕ’ ಸ್ವಾರ್ಥದಲ್ಲಿ ಬಂದ ಪ್ರತ್ಯಯ, ಅಂದರೆ ಪದದ ಸ್ವಂತ ಅರ್ಥವನ್ನು ಕದಲಿಸದ ಪ್ರತ್ಯಯ. ತನ್ನದನ್ನು ತಾನು ಉಳಿಸಿಕೊಳ್ಳುವುದು, ತನ್ನ ಬುದ್ಧಿಯಿಂದ ತಾನು ತಿಳಿಯುವುದು: ಶಾಸ್ತ್ರಕಾರರ ಬಾಯಲ್ಲಿ ಸ್ವಾರ್ಥಕ್ಕೆ ಇಷ್ಟೇ ಕೆಲಸ.

ಬೈಗುಳವಾದ ಮೇಲೆಯೂ ನಮ್ಮ ನುಡಿ ಒಂದು ಕಿಂಡಿ ಬಿಟ್ಟಿದೆ. ‘ತಾನಾಯಿತು, ತನ್ನ ಕೆಲಸವಾಯಿತು’ ಎಂದರೆ ಇವತ್ತಿಗೂ ಹೊಗಳಿಕೆಯೇ. ಹೆಣ್ಣು ಕೊಡುವವರು ಹುಡುಗನ ಬಗ್ಗೆ ವಿಚಾರಿಸುವಾಗ ಈ ಮಾತು ಬಂದರೆ ಅರ್ಧ ಕೆಲಸ ಆದಂತೆ.

ಸ್ವಾರ್ಥವನ್ನೇ ಬದುಕಿನ ಧರ್ಮವೆಂದು ಸಾರಿದ ಅಯನ್ ರಾಂಡ್ ಕಡೆಗೆ ಹರೆಯದವರು ವಾಲುವುದು ಯಾಕೆಂದು ಕೇಳುವಾಗ ನನಗೆ ಈ ಹಿನ್ನೆಲೆ ಮುಖ್ಯ ಎನಿಸುತ್ತದೆ. ಆಕೆ 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವಳು. ಕ್ರಾಂತಿಯಾದಾಗ ಹನ್ನೆರಡರ ಹುಡುಗಿ. ತಂದೆಯ ಔಷಧದಂಗಡಿಯನ್ನು ಬೋಲ್ಶೆವಿಕರು ಜನರ ಹೆಸರಿನಲ್ಲಿ ವಶಪಡಿಸಿಕೊಂಡರು. ಸಮಷ್ಟಿಗಾಗಿ ತ್ಯಾಗ ಎಂಬ ಮಾತು ಆಕೆಯ ಕಿವಿಗೆ ಆಮೇಲೆ ಎಂದೂ ಹಿತವಾಗಲಿಲ್ಲ. 1926ರಲ್ಲಿ ಅಮೆರಿಕಕ್ಕೆ ಹೋದಳು; 1943ರಲ್ಲಿ ‘ದ ಫೌಂಟನ್‌ಹೆಡ್’, 1957ರಲ್ಲಿ ‘ಅಟ್ಲಾಸ್ ಶ್ರಗ್ಡ್’ ಕಾದಂಬರಿಗಳು ಬಂದವು. 1964ರ ಪ್ರಬಂಧ ಸಂಕಲನಕ್ಕೆ ಸ್ವಾರ್ಥವೇ ಸದ್ಗುಣ ಎಂಬರ್ಥದ ಹೆಸರಿಟ್ಟು, ಜನ ಹೆದರುವ ಪದವನ್ನೇ ಬೇಕೆಂದು ಆರಿಸಿದ್ದೇನೆ ಎಂದು ಮುನ್ನುಡಿಯಲ್ಲಿ ವಾದಿಸಿದಳು.

‘ಫೌಂಟನ್‌ಹೆಡ್’ನಲ್ಲಿ ಒಂದು ಸನ್ನಿವೇಶ ಬರುತ್ತದೆ. ವಾಸ್ತುಶಿಲ್ಪಿ ಹೊವಾರ್ಡ್ ರೋರ್ಕ್‌ನ ಕೈಯಲ್ಲಿ ಕಾಸಿಲ್ಲ. ಅಷ್ಟರಲ್ಲಿ ದೊಡ್ಡ ಬ್ಯಾಂಕೊಂದರ ಕಟ್ಟಡದ ಕೆಲಸ ಒಲಿದು ಬರುತ್ತದೆ. ನಿರ್ದೇಶಕರದು ಒಂದೇ ಸಣ್ಣ ಕೋರಿಕೆ: ಮುಂಭಾಗಕ್ಕೆ ಹಳೇ ಗ್ರೀಕ್ ಶೈಲಿಯ ಅಲಂಕಾರ ಬೇಕು, ನೋಡುವವರಿಗೆ ಒಪ್ಪುವಂತಿರಬೇಕು. ಕಟ್ಟಡದ ಒಳಗಿಗೂ ಹೊರಗಿಗೂ ಸಂಬಂಧವಿಲ್ಲದ ಮುಖವಾಡ ಕಟ್ಟಲಾರೆ ಎಂದು ರೋರ್ಕ್ ಕೆಲಸವನ್ನೇ ಬಿಡುತ್ತಾನೆ. ಇಷ್ಟು ನಿಸ್ವಾರ್ಥಿಯಾಗಬೇಕೇ ಎಂದು ಅವರು ಮರುಗಿದರೆ, ಇಷ್ಟು ಸ್ವಾರ್ಥದ ಕೆಲಸವನ್ನು ನೀವು ಯಾರಲ್ಲೂ ಕಂಡಿರಲಾರಿರಿ ಎನ್ನುತ್ತಾನೆ. ಕಚೇರಿ ಮುಚ್ಚಿ ಗ್ರಾನೈಟ್ ಕ್ವಾರಿಗೆ ಕೂಲಿಗೆ ಹೋಗುತ್ತಾನೆ. ಅವನ ಸಹಪಾಠಿ ಪೀಟರ್ ಕೀಟಿಂಗ್‌ಗೆ ಹಣ, ಹೆಸರು, ಪಾಲುದಾರಿಕೆ ಎಲ್ಲವೂ ಸಿಗುತ್ತದೆ. ಆದರೆ ಅವನು ವೃತ್ತಿ ಆರಿಸಿದ್ದು ತಾಯಿಯ ಇಚ್ಛೆಗೆ, ಮದುವೆಯಾಗುವುದು ಊರ ಕಣ್ಣಿಗೆ. ಲೋಕ ಕೀಟಿಂಗ್‌ನನ್ನು ಸ್ವಾರ್ಥಿ ಎನ್ನುತ್ತದೆ; ಅವನಲ್ಲಿ ‘ಸ್ವ’ವೇ ಇಲ್ಲ ಎಂಬುದು ರಾಂಡ್ ವಾದ.

ಹಾಸ್ಟೆಲಿನ ಮಂಚದ ಮೇಲೆ ರಾತ್ರಿಯಿಡೀ ಆ ದಪ್ಪ ಪುಸ್ತಕ ಓದಿ ಮುಗಿಸುವ ಹುಡುಗ ಹುಡುಗಿಯರನ್ನು ಹಿಡಿಯುವುದು ದುರಾಸೆ ಎಂದು ನಾನು ನಂಬುವುದಿಲ್ಲ. ದುರಾಸೆಗೆ ತತ್ವಶಾಸ್ತ್ರದ ಹಂಗಿಲ್ಲ. ‘ನಾಲ್ಕು ಜನ’ರ ಕೈಯಿಂದ ತಮ್ಮ ಬದುಕನ್ನು ಬಿಡಿಸಿಕೊಳ್ಳಲು ಅವರಿಗೊಂದು ಮಾತು ಬೇಕು, ಆ ಮಾತು ಅಲ್ಲಿ ಸಿಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕೆನ್ನುವ ಊರಿನಲ್ಲಿ, ಬೇರೆಯವರ ಕಣ್ಣಿಗಾಗಿ ಬದುಕಬೇಡ ಎನ್ನುವ ದನಿ ದೊಡ್ಡ ಬಿಡುಗಡೆ. ಜೊತೆಗೆ ಅದು ಸಲೀಸಾದ ದಾರಿಯೂ ಅಲ್ಲ. ರಾಂಡ್ ಹೇಳುವ ಸ್ವಾರ್ಥ ವಿವೇಕಕ್ಕೆ ಒಳಪಟ್ಟದ್ದು: ಮನಸ್ಸಿಗೆ ಬಂದದ್ದೆಲ್ಲ ಹಿತವಲ್ಲ, ಸುಳ್ಳು ಹೇಳಿ ಗಳಿಸಿದ್ದು ಹಿತವಲ್ಲ, ದುಡಿಯದೆ ಬಂದದ್ದು ಹಿತವಲ್ಲ. ಪ್ರಾಮಾಣಿಕತೆ, ಉತ್ಪಾದಕ ದುಡಿಮೆ, ನ್ಯಾಯ, ಸ್ವಾಭಿಮಾನ ಆಕೆ ಪಟ್ಟಿ ಮಾಡಿದ ಗುಣಗಳಲ್ಲಿವೆ. ತಾನು ಇನ್ನೊಬ್ಬರಿಗಾಗಿ ಬಲಿಯಾಗಬಾರದು, ಇನ್ನೊಬ್ಬರನ್ನು ತನಗಾಗಿ ಬಲಿಕೊಡಲೂ ಬಾರದು. ಈ ಎರಡನೆಯ ಅರ್ಧವನ್ನು ಆಕೆಯ ಎಷ್ಟೋ ಅಭಿಮಾನಿಗಳೇ ನುಂಗಿಬಿಡುತ್ತಾರೆ.

ಆಕೆ ಎದುರು ಹಾಕಿಕೊಂಡದ್ದು ಪರೋಪಕಾರವನ್ನಲ್ಲ ಎಂಬುದನ್ನೂ ಹೇಳಬೇಕು. ಫ್ರಾನ್ಸಿನ ಆಗಸ್ಟ್ ಕಾಂಟ್ 19ನೇ ಶತಮಾನದಲ್ಲಿ ‘ಆಲ್ಟ್ರೂಯಿಸಂ’ ಎಂಬ ಪದವನ್ನು ಟಂಕಿಸಿ, ಇತರರಿಗಾಗಿ ಬದುಕುವುದೇ ನೀತಿ ಎಂದಿದ್ದ. ರಾಂಡ್ ಜಗಳ ಆ ಆಜ್ಞೆಯೊಂದಿಗೆ. ನಮ್ಮ ‘ಉಪಕಾರ’ ಮಾಡುವವನನ್ನು ಅಳಿಸಿಹೋಗು ಎನ್ನುವುದಿಲ್ಲ. ಕೈಲಾದಷ್ಟು ಮಾಡು ಎನ್ನುತ್ತದೆ, ಅಷ್ಟೆ.

ಆದರೂ ಈ ದರ್ಶನ ಒಂದು ಕಡೆ ನನ್ನನ್ನು ಕೈಬಿಡುತ್ತದೆ. ಕಾಯಿಲೆಯ ಹೆಂಡತಿಯನ್ನು ಉಳಿಸಿಕೊಳ್ಳಲು ಆಸ್ತಿಯೆಲ್ಲ ಕರಗಿಸುವ ಗಂಡನದು ತ್ಯಾಗವಲ್ಲ, ಅವಳು ಅವನಿಗೆ ಅಷ್ಟು ಬೇಕಾದವಳು, ಆದ್ದರಿಂದ ಅದೂ ಸ್ವಾರ್ಥವೇ ಎಂದು ರಾಂಡ್ ಬರೆದಳು. ಪ್ರೀತಿ ಇರುವವರೆಗೆ ಈ ಮಾತು ಗಟ್ಟಿ. ನೆನಪೇ ಹೋದ ಅತ್ತೆ ನಡುರಾತ್ರಿ ಎಬ್ಬಿಸಿ “ಯಾರೇ ನೀನು?” ಎಂದು ಗದರುವಾಗ, ಒದ್ದೆಯಾದ ಸೀರೆ ಬಿಚ್ಚಿ ಒಣಗಿದ್ದು ಉಡಿಸುವ ಸೊಸೆಗೆ ಅಲ್ಲಿ ಪ್ರೀತಿ ಇರಬೇಕೆಂದೇನೂ ಇಲ್ಲ, ಲಾಭವಂತೂ ಇಲ್ಲ. ಅವಳು ಅದನ್ನು ತ್ಯಾಗವೆಂದೂ ಕರೆಯುವುದಿಲ್ಲ. ಕೇಳಿದರೆ ‘ಋಣ’ ಎನ್ನುತ್ತಾಳೆ. ಕೊಟ್ಟು ಕೊಳ್ಳುವ ಇಬ್ಬರು ಸಮಾನರ ಒಪ್ಪಂದವೇ ರಾಂಡ್‌ಗೆ ಮಾನವ ಸಂಬಂಧದ ಮಾದರಿ. ತಾನು ಒಪ್ಪದೆಯೇ ಹೆಗಲೇರಿದ ಸಾಲ ಆ ಲೆಕ್ಕದಲ್ಲಿ ಬರುವುದಿಲ್ಲ. ಅವಳ ಕಾದಂಬರಿಗಳಲ್ಲಿ ಮಕ್ಕಳು ಕಾಣುವುದೇ ಅಪರೂಪ, ಅದಕ್ಕೂ ಇದೇ ಕಾರಣವಿದ್ದೀತು.

ಹಾಗೆಂದು ಆಕೆಗೆ ಋಣದ ಅರಿವೇ ಇರಲಿಲ್ಲವೆನ್ನಲಾಗದು. ‘ಅಟ್ಲಾಸ್ ಶ್ರಗ್ಡ್’ನ ಕೊನೆಗೆ ತನ್ನ ಬಗ್ಗೆ ಬರೆದುಕೊಂಡ ಟಿಪ್ಪಣಿಯಲ್ಲಿ, ತತ್ವಚಿಂತನೆಯಲ್ಲಿ ತಾನು ಋಣಿಯಾಗಿರುವುದು ಅರಿಸ್ಟಾಟಲ್ ಒಬ್ಬನಿಗೆ ಎಂದು ಒಪ್ಪಿಕೊಂಡಳು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಸತ್ತವನಿಗೆ ಯಾವ ವ್ಯಾಪಾರದಲ್ಲೂ ಪ್ರತಿಫಲ ಸಲ್ಲಿಸಲಾಗದು. ನಮ್ಮ ಹಿರಿಯರು ಎಣಿಸಿದ ದೇವಋಣ, ಪಿತೃಋಣ, ಋಷಿಋಣಗಳಲ್ಲಿ ಇದು ಮೂರನೆಯದು, ಅಧ್ಯಯನದಿಂದ ತೀರಿಸಬೇಕಾದದ್ದು.